ಬಡ್ಡಿ ಹಾಲಿ: ಸ್ವಂತ ಹಾಡು ಹಾಡಲು ಹೆಸರು ಬಚ್ಚಿಟ್ಟುಕೊಂಡ ಹುಡುಗ

1957ರ ಫೆಬ್ರುವರಿ ಕೊನೆಯ ವಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಲಬ್ಬಕ್ ಎಂಬ ಊರಿನ 20 ವರ್ಷದ ಹುಡುಗನೊಬ್ಬನಿಗೆ ವಿಚಿತ್ರ ಸಮಸ್ಯೆ ಎದುರಾಗಿತ್ತು. ಗೆಳೆಯನ ಜೊತೆ ಕೂತು ತಾನೇ ಕಟ್ಟಿದ ಹಾಡನ್ನು ತಾನೇ ಹಾಡಿ ರೆಕಾರ್ಡ್ ಮಾಡುವಂತಿರಲಿಲ್ಲ. ಹಿಂದಿನ ವರ್ಷ ಅವನು ಡೆಕ್ಕಾ ಎಂಬ ದೊಡ್ಡ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ್ದ. ಕಂಪನಿ ಅವನ ಎರಡು ರೆಕಾರ್ಡ್ ಹೊರತಂದಿತು, ಎರಡೂ ಓಡಲಿಲ್ಲ, ಒಪ್ಪಂದ ಮುಂದುವರಿಸದೆ ಕೈಬಿಟ್ಟಿತು. ಈ ಹಾಡನ್ನಂತೂ ರೆಕಾರ್ಡ್ ಮಾಡಿಸಿಕೊಂಡು ಬಿಡುಗಡೆ ಮಾಡದೆ ಮೂಲೆಗೆ ಹಾಕಿತ್ತು. ಆದರೆ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಡೆಕ್ಕಾಗಾಗಿ ಹಾಡಿದ ಹಾಡನ್ನು ಐದು ವರ್ಷ ಬೇರೆ ಯಾರಿಗೂ ಹಾಡಿಕೊಡುವ ಹಾಗಿಲ್ಲ. ಅವನು ಕಂಪನಿಗೆ ಫೋನ್ ಮಾಡಿ ಕೇಳಿಕೊಂಡ. ಆ ಮಾತುಕತೆಯನ್ನು ಗುಟ್ಟಾಗಿ ಟೇಪ್ ಕೂಡ ಮಾಡಿಕೊಂಡ. ಕಂಪನಿ ಒಪ್ಪಲಿಲ್ಲ.

ಹಾಡು ‘ದಟ್ಲ್ ಬಿ ದ ಡೇ’. ಹುಡುಗ ಬಡ್ಡಿ ಹಾಲಿ. ಕೊನೆಗೆ ಅವನು ಕಂಡುಕೊಂಡ ಉಪಾಯ ಸರಳವಾಗಿತ್ತು: ತನ್ನ ಹೆಸರನ್ನೇ ಬಚ್ಚಿಡುವುದು. ರೆಕಾರ್ಡಿನ ಮೇಲೆ ಬಡ್ಡಿ ಹಾಲಿ ಅಂತ ಹಾಕಿದರೆ ತಾನೇ ತಕರಾರು? ಒಂದು ಬ್ಯಾಂಡಿನ ಹೆಸರು ಹಾಕೋಣ. ಗೆಳೆಯರು ವಿಶ್ವಕೋಶ ತೆಗೆದು ಹುಳುಗಳ ಪುಟಗಳನ್ನು ತಿರುವಿದರು. ದುಂಬಿ, ಅಂದ್ರೆ ‘ಬೀಟಲ್ಸ್’ ಎಂಬ ಹೆಸರೂ ಚರ್ಚೆಗೆ ಬಂತಂತೆ, ಯಾರಿಗೂ ಹಿಡಿಸಲಿಲ್ಲ. ಕೊನೆಗೆ ‘ಕ್ರಿಕೆಟ್ಸ್’ ಅಂತಾಯ್ತು. ನಮ್ಮ ತಲೆಗೆ ತಕ್ಷಣ ಬರುವ ಬ್ಯಾಟು, ಬಾಲು ಅಲ್ಲ. ಕತ್ತಲಾದ ಮೇಲೆ ಜೀರ್ ಅನ್ನುವ ಜೀರುಂಡೆ.

ರಾಕ್ ಸಂಗೀತದ ಚರಿತ್ರೆಯಲ್ಲಿ ಈ ಬ್ಯಾಂಡಿನ ಸ್ಥಾನ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಎರಡು ಗಿಟಾರು, ಒಂದು ಬೇಸ್, ಒಂದು ಡ್ರಮ್ಸ್. ತಮ್ಮ ಹಾಡು ತಾವೇ ಬರೆದುಕೊಂಡು, ತಾವೇ ನುಡಿಸಿ, ತಾವೇ ಹಾಡುವ ನಾಲ್ಕು ಹುಡುಗರು. ಇವತ್ತು ಬ್ಯಾಂಡ್ ಅಂದ ಕೂಡಲೇ ಕಣ್ಣ ಮುಂದೆ ಬರುವ ಈ ಅಚ್ಚು ಜನರ ಮನಸ್ಸಿನಲ್ಲಿ ಕೂರುವುದಕ್ಕೆ ಕ್ರಿಕೆಟ್ಸ್ ದೊಡ್ಡ ಕಾರಣ. ಎಲ್ವಿಸ್ ಪ್ರೀಸ್ಲಿ ಬೇರೆಯವರು ಬರೆದ ಹಾಡು ಹಾಡುತ್ತಿದ್ದ. ಚಕ್ ಬೆರಿ ಬರೆಯುತ್ತಿದ್ದ, ಆದರೆ ಒಬ್ಬಂಟಿ ತಾರೆ. ಬ್ಯಾಂಡೇ ಒಂದು ಕಾರ್ಖಾನೆ ಅಂತ ತೋರಿಸಿಕೊಟ್ಟವರಲ್ಲಿ ಈ ಟೆಕ್ಸಾಸ್ ಹುಡುಗರು ಮೊದಲಿಗರು. ಕಾರ್ಖಾನೆಯ ಮಾಲೀಕತ್ವ ಮಾತ್ರ ಇವರದ್ದಾಗಿರಲಿಲ್ಲ.

ಅವನ ನಿಜವಾದ ಹೆಸರು ಚಾರ್ಲ್ಸ್ ಹಾರ್ಡಿನ್ ಹಾಲಿ. ಹುಟ್ಟಿದ್ದು 1936ರ ಸೆಪ್ಟೆಂಬರ್ 7ರಂದು, ನಾಲ್ಕು ಮಕ್ಕಳಲ್ಲಿ ಕೊನೆಯವನು. ಮನೆಯಲ್ಲಿ ಕರೆಯುತ್ತಿದ್ದದ್ದು ಬಡ್ಡಿ. ಕುಟುಂಬದ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಇ’ ಅಕ್ಷರವಿತ್ತು. ಡೆಕ್ಕಾ ಒಪ್ಪಂದ ಟೈಪ್ ಮಾಡಿದವರು ಅದನ್ನು ಬಿಟ್ಟರು, ಅವನು ಹಾಗೇ ಉಳಿಸಿಕೊಂಡ. ಕನ್ನಡದಲ್ಲಿ ಬರೆದರೆ ಆ ‘ಇ’ ಕಾಣೋದೇ ಇಲ್ಲ, ಅದರ ಬದಲು ಬೇರೆಯೇ ತಮಾಷೆ ಆಗುತ್ತೆ. ಅವನ ಹೆಸರು ಬ್ಯಾಂಕಿನ ಬೋರ್ಡಿನ ಮೇಲಿನ ಸಾಲಿನ ಥರ ಓದಿಸಿಕೊಳ್ಳುತ್ತೆ. ಪಾಪ, ಅವನಿಗೆ ಬಡ್ಡಿ ಇರಲಿ, ಅಸಲೂ ಪೂರ್ತಿ ಕೈಗೆ ಬರಲಿಲ್ಲ.

ಲಬ್ಬಕ್ ಹತ್ತಿ ಬೆಳೆಯುವ, ಧೂಳು ತುಂಬಿದ ಬಯಲುಸೀಮೆ. ಅಪ್ಪ ಸಿಕ್ಕ ಕೆಲಸ ಮಾಡಿಕೊಂಡು ಸಂಸಾರ ನಡೆಸಿದವರು. ಅಣ್ಣ ಲ್ಯಾರಿ ಟೈಲ್ಸ್ ಹಾಕಿಸುವ ಕೆಲಸ ಹಿಡಿಯುತ್ತಿದ್ದ, ಬಡ್ಡಿಯೂ ಆ ಕೆಲಸಕ್ಕೆ ಹೋಗುತ್ತಿದ್ದ. ಮನೆಯವರು ಬ್ಯಾಪ್ಟಿಸ್ಟ್ ಚರ್ಚಿನ ಕಟ್ಟಾ ಭಕ್ತರು. ಊರು ಕರಿಯರನ್ನು ಬೇರೆ ಇಟ್ಟ ಊರು: ಶಾಲೆ ಬೇರೆ, ಬೀದಿ ಬೇರೆ. ಆದರೆ ರೇಡಿಯೋ ಅಲೆಗಳಿಗೆ ಬೇಲಿ ಹಾಕಲಾಗುವುದಿಲ್ಲವಲ್ಲ. ರಾತ್ರಿ ಹೊತ್ತು ಹುಡುಗರು ಕಾರಿನಲ್ಲಿ ಕೂತು, ನೂರಾರು ಮೈಲಿ ದೂರದ ಶ್ರೀವ್‌ಪೋರ್ಟ್ ಸ್ಟೇಷನ್ ಹಿಡಿದು, ಕರಿಯರ ರಿದಮ್ ಅಂಡ್ ಬ್ಲೂಸ್ ಕೇಳುತ್ತಿದ್ದರು. ಹಗಲಿಗೆ ಕಂಟ್ರಿ ಸಂಗೀತ. ಲಬ್ಬಕ್‌ನ ಕೆಡಿಎವಿ ರೇಡಿಯೋದಲ್ಲಿ ಬಾಬ್ ಮಾಂಟ್ಗೊಮರಿ ಎಂಬ ಶಾಲಾ ಗೆಳೆಯನ ಜೊತೆ ಅವನಿಗೊಂದು ಭಾನುವಾರದ ಕಾರ್ಯಕ್ರಮವೂ ಇತ್ತು. 1955ರಲ್ಲಿ ಎಲ್ವಿಸ್ ಆ ಊರಿಗೆ ಬಂದು ಹಾಡಿ ಹೋದ ಮೇಲೆ ದಾರಿ ಬದಲಾಯಿತು. ಅಣ್ಣನಿಂದ ದುಡ್ಡು ಇಸಕೊಂಡು ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್ ಕೊಂಡ. ಅದೇ ವರ್ಷ ಬಿಲ್ ಹೇಲಿಯ ಕಾರ್ಯಕ್ರಮಕ್ಕೆ ಮುಂಚೆ ಹಾಡಿದಾಗ ನ್ಯಾಶ್‌ವಿಲ್‌ನಿಂದ ಬಂದಿದ್ದವರ ಕಣ್ಣಿಗೆ ಬಿದ್ದ, ಡೆಕ್ಕಾ ಒಪ್ಪಂದ ಸಿಕ್ಕಿತು.

ನ್ಯಾಶ್‌ವಿಲ್‌ನಲ್ಲಿ 1956ರಲ್ಲಿ ಅವನು ಮೂರು ಸಲ ರೆಕಾರ್ಡ್ ಮಾಡಿದ. ಆ ಊರಿನ ಪದ್ಧತಿಯೇ ಬೇರೆ. ಗಂಟೆ ಲೆಕ್ಕದ ಸ್ಟುಡಿಯೋ, ಕಂಪನಿ ಗೊತ್ತುಮಾಡಿದ ವಾದ್ಯಗಾರರು, ಕಂಟ್ರಿ ಸಂಗೀತದ ಅಚ್ಚು. ಟೆಕ್ಸಾಸ್ ಹುಡುಗನನ್ನು ಅದರೊಳಗೆ ತುರುಕಿದರು. ಆ ರೆಕಾರ್ಡಿಂಗುಗಳನ್ನು ಈಗ ಕೇಳಿದರೆ ಬೇರೆಯವರ ಮನೆಯಲ್ಲಿ ಕಾಲು ಮಡಚಿಕೊಂಡು ಕೂತ ನೆಂಟನ ಥರ ಕೇಳಿಸುತ್ತಾನೆ. ದಟ್ಲ್ ಬಿ ದ ಡೇ ಹಾಡಿನ ಮೊದಲ ಅವತರಣಿಕೆ ಆಗಿದ್ದು ಅಲ್ಲೇ, 1956ರ ಜುಲೈನಲ್ಲಿ. ಹಾಡಿನ ತಲೆಬರಹ ‘ದ ಸರ್ಚರ್ಸ್’ ಸಿನಿಮಾದಲ್ಲಿ ಜಾನ್ ವೇನ್ ಪದೇಪದೇ ಆಡುವ ಮಾತಿನಿಂದ ಬಂದದ್ದು. ಬಡ್ಡಿ ಮತ್ತು ಡ್ರಮ್ಮರ್ ಜೆರಿ ಅಲಿಸನ್ ಸಿನಿಮಾ ನೋಡಿ ಬಂದು ಕಟ್ಟಿದ ಹಾಡು.

ಲಬ್ಬಕ್‌ನಿಂದ ಸುಮಾರು 90 ಮೈಲಿ ಪಶ್ಚಿಮಕ್ಕೆ, ನ್ಯೂ ಮೆಕ್ಸಿಕೊ ರಾಜ್ಯದ ಗಡಿ ದಾಟಿದರೆ ಕ್ಲೋವಿಸ್ ಎಂಬ ಸಣ್ಣ ಊರು. ಅಲ್ಲಿ ನಾರ್ಮನ್ ಪೆಟ್ಟಿ ಎಂಬಾತ ಸ್ವಂತ ಸ್ಟುಡಿಯೋ ಕಟ್ಟಿಕೊಂಡಿದ್ದ. ತಾನೂ ವಾದ್ಯಗಾರ, ತನ್ನದೇ ಒಂದು ಟ್ರಿಯೊ ಇತ್ತು. ಪೆಟ್ಟಿ ಗಂಟೆಗೆ ಇಷ್ಟು ಅಂತ ಬಾಡಿಗೆ ಕೇಳುತ್ತಿರಲಿಲ್ಲ, ಹಾಡಿಗೆ ಇಷ್ಟು ಅನ್ನುತ್ತಿದ್ದ. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ. ಆದರೆ ಹೊಸ ಬ್ಯಾಂಡಿನ ಪಾಲಿಗೆ ಇದೇ ಕ್ರಾಂತಿ. ಗಡಿಯಾರ ನೋಡಬೇಕಾಗಿಲ್ಲ. ತಪ್ಪು ಮಾಡಬಹುದು, ಮತ್ತೆ ಮಾಡಬಹುದು, ರಾತ್ರಿಯೆಲ್ಲಾ ಮಾಡಬಹುದು. ಹಗಲು ಲಾರಿಗಳ ಸದ್ದು ಇರುತ್ತಿದ್ದರಿಂದ ಕೆಲಸ ನಡೆಯುತ್ತಿದ್ದದ್ದೂ ರಾತ್ರಿಯೇ. 1957ರ ಫೆಬ್ರುವರಿ 25ರ ಬೆಳಗಿನ ಜಾವದ ಹೊತ್ತಿಗೆ ದಟ್ಲ್ ಬಿ ದ ಡೇ ಹೊಸ ರೂಪದಲ್ಲಿ ಟೇಪಿಗೆ ಇಳಿದಿತ್ತು. ನ್ಯಾಶ್‌ವಿಲ್‌ದಕ್ಕಿಂತ ಸಡಿಲ, ಗಿಟಾರ್ ಮುಂದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ ನೋಡಿ. ಅದೇ ಹಾಡು, ಅದೇ ಹುಡುಗ; ಬದಲಾದದ್ದು ಕೆಲಸದ ಸ್ಥಿತಿ.

ಆ ವರ್ಷ ಕ್ಲೋವಿಸ್‌ನಲ್ಲಿ ನಡೆದದ್ದು ನಿಜಕ್ಕೂ ಬೆರಗು. ‘ನಾಟ್ ಫೇಡ್ ಅವೇ’ ಹಾಡಿಗೆ ಅಲಿಸನ್ ಡ್ರಮ್ ಬಿಟ್ಟು ರಟ್ಟಿನ ಡಬ್ಬ ಬಾರಿಸಿದ. ‘ಎವ್ರಿಡೇ’ ಹಾಡಿನಲ್ಲಿ ಕೇಳುವ ತಾಳ ಅವನು ತನ್ನ ತೊಡೆ, ಮೊಣಕಾಲಿನ ಮೇಲೆ ತಟ್ಟಿದ್ದು; ಅದರ ಮೇಲೆ ಗಂಟೆ ಹನಿಸಿದ ಹಾಗೆ ಕೇಳುವ ಸೆಲೆಸ್ಟಾ ನುಡಿಸಿದ್ದು ಪೆಟ್ಟಿಯ ಹೆಂಡತಿ ವೈ. ‘ಪೆಗ್ಗಿ ಸೂ’ದಲ್ಲಿ ಅಲಿಸನ್ ನಿಲ್ಲಿಸದೆ ಡ್ರಮ್ ಉರುಳಿಸುತ್ತಾ ಹೋಗುತ್ತಾನೆ, ಪೆಟ್ಟಿ ಒಳಗೆ ಕೂತು ಅದರ ಪ್ರತಿಧ್ವನಿಯನ್ನು ಹಾಕುತ್ತಾ ತೆಗೆಯುತ್ತಾ ಇರುತ್ತಾನೆ. ಹಾಗಾಗಿ ಡ್ರಮ್ ಹತ್ತಿರ ಬಂದ ಹಾಗೆ, ದೂರ ಹೋದ ಹಾಗೆ. ಆ ಹಾಡಿನ ಮೊದಲ ಹೆಸರು ‘ಸಿಂಡಿ ಲೂ’, ಬಡ್ಡಿಯ ಅಕ್ಕನ ಮಗಳ ಹೆಸರಿನಿಂದ ಬಂದದ್ದು. ಅಲಿಸನ್ ತಾನು ಪ್ರೀತಿಸುತ್ತಿದ್ದ ಹುಡುಗಿಯ ಹೆಸರಿಗೆ ಬದಲಿಸಿಕೊಂಡ. ಪ್ರತಿಧ್ವನಿಗೆ ಅಂತಲೇ ಇದ್ದ ಕೋಣೆಯೊಳಗೆ ಒಂದು ನಿಜವಾದ ಜೀರುಂಡೆ ಸೇರಿಕೊಂಡಿತ್ತು. ‘ಐಯಾಮ್ ಗಾನ ಲವ್ ಯು ಟೂ’ ಹಾಡಿನ ಕೊನೆಯಲ್ಲಿ ಅದರ ಜೀರ್ ಇಂದಿಗೂ ಕೇಳುತ್ತೆ. ಯಾರೂ ಅಳಿಸಲಿಲ್ಲ.

ಪೆಟ್ಟಿಯನ್ನು ಸೀದಾ ಖಳನಾಯಕ ಮಾಡಿಬಿಡುವ ಮುಂಚೆ ಇದೆಲ್ಲ ನೆನಪಿರಬೇಕು. ಆ ಕಿವಿ, ಆ ಯಂತ್ರ, ಆ ರಾತ್ರಿಗಳು ಇಲ್ಲದಿದ್ದರೆ ಈ ಹಾಡುಗಳು ಹೀಗಿರುತ್ತಿರಲಿಲ್ಲ. ಆದರೆ ಪೆಟ್ಟಿಯ ವ್ಯವಹಾರದ ರೀತಿ ಹೀಗಿತ್ತು: ಹಾಡಿನ ಪ್ರಕಾಶನ ಹಕ್ಕು ತನ್ನ ನಾರ್ ವಾ ಜಾಕ್ ಕಂಪನಿಗೆ. ಹಾಡು ಬರೆದವರ ಸಾಲಿನಲ್ಲಿ ತನ್ನ ಹೆಸರು. ಆಮೇಲೆ ಬ್ಯಾಂಡಿನ ಮ್ಯಾನೇಜರ್ ಕೂಡ ತಾನೇ. ಅಂದ್ರೆ ಹಾಡು ಹುಟ್ಟುವ ಕೋಣೆ, ಹಾಡಿನ ಕಾಗದಪತ್ರ, ಹಾಡಿನಿಂದ ಬರುವ ಹಣ, ಮೂರೂ ಒಬ್ಬನ ಕೈಯಲ್ಲಿ. ದಟ್ಲ್ ಬಿ ದ ಡೇ ಹಾಡು ಪೆಟ್ಟಿಯ ಸ್ಟುಡಿಯೋಗೆ ಬರುವ ತಿಂಗಳುಗಟ್ಟಲೆ ಮುಂಚೆಯೇ ನ್ಯಾಶ್‌ವಿಲ್‌ನಲ್ಲಿ ಟೇಪ್ ಆಗಿತ್ತು. ಆದರೂ ಬರೆದವರ ಪಟ್ಟಿಯಲ್ಲಿ ಅಲಿಸನ್, ಹಾಲಿ ಜೊತೆಗೆ ಪೆಟ್ಟಿ ಇದ್ದಾನೆ. ಸನ್ನಿ ವೆಸ್ಟ್ ಮತ್ತು ಬಿಲ್ ಟಿಲ್‌ಮನ್ ಬರೆದ ‘ಓ ಬಾಯ್’, ‘ರೇವ್ ಆನ್’ ಹಾಡುಗಳಲ್ಲೂ ಮೂರನೇ ಹೆಸರು ಅದೇ. ಪೆಗ್ಗಿ ಸೂ ಹಾಡಿನ ಲೇಬಲ್ ಮೇಲೆ ಮೊದಲು ಅಲಿಸನ್ ಮತ್ತು ಪೆಟ್ಟಿ ಅಂತ ಮಾತ್ರ ಇತ್ತು, ಹಾಲಿಯ ಹೆಸರೇ ಇರಲಿಲ್ಲ! ಅವನ ಹೆಸರು ಸೇರಿದ್ದು ಅವನು ಸತ್ತ ಮೇಲೆ. ಹಳೆಯ ನ್ಯಾಶ್‌ವಿಲ್ ಒಪ್ಪಂದದ ತೊಡಕಿನಿಂದಾಗಿ ಕೆಲವು ಹಾಡುಗಳಿಗೆ ಅವನು ಚಾರ್ಲ್ಸ್ ಹಾರ್ಡಿನ್ ಅಂತ ಸಹಿ ಮಾಡಿದ. ಹಾಡುಗಾರನಾಗಿ ಕ್ರಿಕೆಟ್ಸ್ ಹಿಂದೆ ಅಡಗಿದ್ದ, ಬರಹಗಾರನಾಗಿ ತನ್ನದೇ ಹುಟ್ಟುಹೆಸರಿನ ಹಿಂದೆ.

ಬರೆದವರ ಸಾಲಿನಲ್ಲಿ ಹೆಸರಿರುವುದು ಗೌರವದ ಪ್ರಶ್ನೆ ಮಾತ್ರ ಅಂದುಕೊಳ್ಳಬೇಡಿ. ಹಾಡಿದವನಿಗೆ ಬರುವ ಹಣ ಬೇರೆ, ಬರೆದವನಿಗೆ ಬರುವ ಹಣ ಬೇರೆ. ರೇಡಿಯೋದಲ್ಲಿ ಬಂದಾಗ, ಬೇರೆಯವರು ಹಾಡಿದಾಗ, ಮೂವತ್ತು ವರ್ಷದ ನಂತರ ಜಾಹೀರಾತಿಗೆ ಬಳಸಿದಾಗ ಬರೆದವನ ಪಾಲು ಬರುತ್ತಲೇ ಇರುತ್ತೆ. ಆ ಕಾಲದ ಅಮೆರಿಕದಲ್ಲಿ ಇದು ಪೆಟ್ಟಿಯೊಬ್ಬನ ಚಾಳಿಯೂ ಆಗಿರಲಿಲ್ಲ. ಚಕ್ ಬೆರಿಯ ‘ಮೇಬಲೀನ್’ ಹಾಡಿನ ಬರಹಗಾರರಲ್ಲಿ ರೇಡಿಯೋ ನಿರೂಪಕ ಅಲನ್ ಫ್ರೀಡ್ ಹೆಸರು ಸೇರಿಸಲಾಗಿತ್ತು, ಒಂದು ಸಾಲನ್ನೂ ಬರೆಯದೆ. ರೆಕಾರ್ಡಿಂಗ್ ನಿರ್ದೇಶಿಸುವವನ ಕೆಲಸಕ್ಕೆ ಆಗ ಪ್ರತ್ಯೇಕ ಪಾಲು ಕೊಡುವ ವಾಡಿಕೆ ಇನ್ನೂ ಗಟ್ಟಿಯಾಗಿರಲಿಲ್ಲ. ಪೆಟ್ಟಿ ಅದನ್ನು ಹಾಡಿನ ಒಳಗಿಂದಲೇ ತೆಗೆದುಕೊಂಡ. ದುಡಿಮೆ ನಿಜ, ವಸೂಲಿ ಮಾಡಿದ ಜಾಗ ತಪ್ಪು ಅನ್ನೋದು ನನ್ನ ಓದು.

ಹಾಡಿನ ಪ್ರಯಾಣ ಮುಂದುವರೀತು. ಟೇಪು ನ್ಯೂಯಾರ್ಕ್ ತಲುಪಿತು. ಪಿಯರ್-ಸದರ್ನ್ ಪ್ರಕಾಶನದವರ ಮೂಲಕ ಕೋರಲ್ ಕಂಪನಿಯ ಬಾಬ್ ಥೀಲ್‌ಗೆ ಸಿಕ್ಕಿತು. 1957ರ ಮೇ 27ರಂದು ಬ್ರನ್ಸ್‌ವಿಕ್ ಲೇಬಲ್ ಅಡಿ ಹೊರಬಂತು. ಬ್ರನ್ಸ್‌ವಿಕ್, ಕೋರಲ್ ಎರಡೂ ಯಾರ ಕೂಸು ಗೊತ್ತಾ? ಡೆಕ್ಕಾದ್ದೇ. ಯಾವ ಕಂಪನಿಗೆ ತಿಳಿಯಬಾರದು ಅಂತ ಹೆಸರು ಬಚ್ಚಿಟ್ಟರೋ ಅದೇ ಕಂಪನಿಯ ಹಿತ್ತಲ ಬಾಗಿಲಿನಿಂದ ಹಾಡು ಒಳಗೆ ಬಂದಿತ್ತು. ಆಮೇಲೆ ಒಂದು ವಿಚಿತ್ರ ಏರ್ಪಾಡಾಯ್ತು. ಕ್ರಿಕೆಟ್ಸ್ ಹೆಸರಿನ ರೆಕಾರ್ಡುಗಳು ಬ್ರನ್ಸ್‌ವಿಕ್‌ನಿಂದ, ಬಡ್ಡಿ ಹಾಲಿ ಹೆಸರಿನವು ಕೋರಲ್‌ನಿಂದ. ಬಹುತೇಕ ಅದೇ ಕೋಣೆ, ಅದೇ ಹುಡುಗರು. ಲೇಬಲ್ ಮಾತ್ರ ಬೇರೆ. ಅಲಿಸನ್, ಬೇಸ್ ನುಡಿಸುತ್ತಿದ್ದ ಜೋ ಬಿ. ಮಾಲ್ಡಿನ್, ಎರಡನೇ ಗಿಟಾರಿನ ನಿಕಿ ಸಲಿವನ್ ಒಂದು ಲೇಬಲ್ ಮೇಲೆ ಬ್ಯಾಂಡು, ಇನ್ನೊಂದರ ಮೇಲೆ ಅನಾಮಿಕರು. ಬಿರುಕು ಶುರುವಾದದ್ದು ಇಲ್ಲಿಂದಲೇ ಇರಬೇಕು. ಸಲಿವನ್ ಅದೇ ವರ್ಷದ ಕೊನೆಗೆ ಬಿಟ್ಟು ಹೋದ.

ಆ ಬೇಸಿಗೆಯಲ್ಲಿ ಬ್ಯಾಂಡು ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರ್‌ನಲ್ಲಿ ಒಂದು ವಾರ ಹಾಡಿತು. ಕರಿಯರ ಸಂಗೀತದ ತವರಂತಿದ್ದ ವೇದಿಕೆ ಅದು. ಹೆಸರು ನೋಡಿ ಇವರನ್ನು ಕರಿಯರ ಬ್ಯಾಂಡ್ ಅಂದುಕೊಂಡು ಕರೆಸಿದ್ದರು ಅನ್ನೋ ಕಥೆಯಿದೆ. ಕಥೆ ಚೆನ್ನಾಗಿದೆ, ಸಿನಿಮಾಕ್ಕೂ ಬಂತು, ಪೂರ್ತಿ ನಂಬಲೇಬೇಕು ಅಂತೇನಿಲ್ಲ. ಇದಕ್ಕಿಂತ ಹೆಚ್ಚು ಹೇಳುವ ಸಂಗತಿ ಸೆಪ್ಟೆಂಬರಿನದು. ಚಕ್ ಬೆರಿ, ಫ್ಯಾಟ್ಸ್ ಡಾಮಿನೊ ಮುಂತಾದವರ ಜೊತೆ ಕ್ರಿಕೆಟ್ಸ್ ಒಂದು ದೊಡ್ಡ ಬಸ್ ಪ್ರವಾಸದಲ್ಲಿತ್ತು. ಕರಿಯರು ಬಿಳಿಯರು ಒಂದೇ ಬಸ್ಸು, ಒಂದೇ ವೇದಿಕೆ. ದಕ್ಷಿಣದ ಕೆಲವು ಊರುಗಳು ಬಂದಾಗ ಬಿಳಿಯ ಹಾಡುಗಾರರನ್ನು ತಂಡದಿಂದ ಹೊರಗಿಡಬೇಕಾಯಿತು. ಇಬ್ಬರೂ ಒಂದೇ ವೇದಿಕೆ ಹತ್ತುವುದನ್ನು ಅಲ್ಲಿನ ಕಾನೂನು ಒಪ್ಪುತ್ತಿರಲಿಲ್ಲ. ಸೆಪ್ಟೆಂಬರ್ 23ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ದಟ್ಲ್ ಬಿ ದ ಡೇ ದೇಶಕ್ಕೇ ಮೊದಲ ಸ್ಥಾನ. ಮರುದಿನ, 24ರಂದು, ಅರ್ಕನ್ಸಾದ ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಒಂಬತ್ತು ಕರಿಯ ಮಕ್ಕಳನ್ನು ಸೇರಿಸುವುದಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದರು. ಒಂದೇ ದೇಶ, ಒಂದೇ ವಾರ. ರೇಡಿಯೋದಲ್ಲಿ ಕರಿಯರ ಲಯದ ಮೇಲೆ ನಿಂತ ಬಿಳಿ ಹುಡುಗನ ಹಾಡು, ಶಾಲೆಯ ಬಾಗಿಲಲ್ಲಿ ಬಂದೂಕು.

ಇಲ್ಲಿ ಹಾಲಿಯ ಕಥೆ ಸ್ವಲ್ಪ ಜಟಿಲವಾಗುತ್ತೆ, ಆಗಲಿ. ನಾಟ್ ಫೇಡ್ ಅವೇ ಹಾಡಿನ ಬೆನ್ನೆಲುಬಾದ ತಾಳ ಕರಿಯ ಕಲಾವಿದ ಬೊ ಡಿಡ್ಲಿಯ ಗುರುತು. 1955ರಲ್ಲಿ ತನ್ನದೇ ಹೆಸರಿನ ಹಾಡಿನಿಂದ ಅವನು ಅದನ್ನು ಜನರ ಕಿವಿಗೆ ಮುಟ್ಟಿಸಿದ್ದ. ಆಫ್ರಿಕಾ ಮೂಲದ ಲಯಗಳಲ್ಲಿ ಅದಕ್ಕೆ ಇನ್ನೂ ಹಳೆಯ ಬೇರಿದೆ. ಆದರೆ ಕಾಪಿರೈಟ್ ಕಾನೂನು ಪದ, ಮಟ್ಟು ಇವನ್ನು ಆಸ್ತಿ ಅನ್ನುತ್ತೆ, ತಾಳವನ್ನು ಅನ್ನುವುದಿಲ್ಲ. ಹಾಗಾಗಿ ನಾಟ್ ಫೇಡ್ ಅವೇ ಹಾಡಿನ ಬರಹಗಾರರು ಹಾರ್ಡಿನ್ ಮತ್ತು ಪೆಟ್ಟಿ. ಬೊ ಡಿಡ್ಲಿಗೆ ಅದರಲ್ಲಿ ಬಿಡಿಗಾಸಿಲ್ಲ. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಅದೇ ಹಾಡನ್ನು ಹಾಡಿ ಗೆದ್ದಾಗಲೂ ಇಲ್ಲ. ಹಾಲಿ ಕದ್ದ ಅಂತ ನಾನು ಹೇಳುತ್ತಿಲ್ಲ. ಪ್ರೀತಿಯಿಂದ ಕೇಳಿ ಬೆಳೆದ ಲಯ ಅವನ ಮೈಯಲ್ಲಿತ್ತು. ಆದರೆ ಹಾಲಿಯನ್ನು ಪೆಟ್ಟಿ ಹಿಂಡಿದ ಅನ್ನುವಾಗ, ಆ ಏಣಿಯಲ್ಲಿ ಹಾಲಿಗಿಂತ ಕೆಳಗೆ ಯಾರು ನಿಂತಿದ್ದರು ಅಂತಲೂ ನೋಡಬೇಕಲ್ಲವೇ.

1958ರ ಜನವರಿ, ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ, ಮಾರ್ಚಿನಲ್ಲಿ ಬ್ರಿಟನ್. ಬ್ರಿಟನ್ನಿನ ಆ 25 ದಿನಗಳ ಪರಿಣಾಮವನ್ನು ಅಳೆಯುವುದೇ ಕಷ್ಟ. ದಪ್ಪ ಕಪ್ಪು ಫ್ರೇಮಿನ ಕನ್ನಡಕ, ತೆಳ್ಳಗಿನ ಮೈ, ಕೈಯಲ್ಲಿ ಸ್ಟ್ರಾಟೊಕಾಸ್ಟರ್. ರಾಕ್ ತಾರೆ ಅಂದ್ರೆ ಎಲ್ವಿಸ್ ಥರ ಸುಂದರಾಂಗ ಆಗಿರಬೇಕಿಲ್ಲ, ಕ್ಲಾಸಿನ ಕೊನೆ ಬೆಂಚಿನ ಹುಡುಗನೂ ಆಗಬಹುದು ಅಂತ ಬ್ರಿಟಿಷ್ ಹುಡುಗರು ಕಣ್ಣಾರೆ ಕಂಡರು. ಲಂಡನ್ನಿನ ವುಲಿಚ್‌ನಲ್ಲಿ ಕಾರ್ಯಕ್ರಮ ನೋಡಿದವರಲ್ಲಿ ಹದಿಹರೆಯದ ಮಿಕ್ ಜ್ಯಾಗರ್ ಒಬ್ಬ. ಲಿವರ್‌ಪೂಲ್‌ನಲ್ಲಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಇದ್ದ ಕ್ವಾರಿಮೆನ್ ಬ್ಯಾಂಡು ಅದೇ ವರ್ಷ ಒಂದು ಮನೆಯ ಸ್ಟುಡಿಯೋಗೆ ಹೋಗಿ ದುಡ್ಡು ಕೊಟ್ಟು ಮೊದಲ ರೆಕಾರ್ಡ್ ಮಾಡಿಸಿಕೊಂಡಿತು. ಹಾಡಿದ್ದು ದಟ್ಲ್ ಬಿ ದ ಡೇ. ಮುಂದೆ ಅವರು ಆರಿಸಿಕೊಂಡ ಹುಳುವಿನ ಹೆಸರು ಯಾವುದು ಅಂತ ನಿಮಗೆ ಗೊತ್ತೇ ಇದೆ.

ಆ ವರ್ಷದ ಮಧ್ಯದಲ್ಲಿ ಬಡ್ಡಿ ನ್ಯೂಯಾರ್ಕಿನ ಪಿಯರ್-ಸದರ್ನ್ ಕಚೇರಿಗೆ ಹೋದಾಗ ಸ್ವಾಗತಕಾರಿಣಿ ಮರಿಯಾ ಎಲೆನಾ ಸ್ಯಾಂಟಿಯಾಗೊ ಸಿಕ್ಕಳು. ಪೋರ್ಟೊರಿಕೊದಲ್ಲಿ ಹುಟ್ಟಿದವಳು. ಮೊದಲ ದಿನದ ಊಟದಲ್ಲೇ ಮದುವೆ ಆಗ್ತೀಯಾ ಅಂತ ಕೇಳಿಬಿಟ್ಟ. ಆಗಸ್ಟ್ 15ಕ್ಕೆ ಲಬ್ಬಕ್‌ನಲ್ಲಿ ಮದುವೆ. ಬಿಳಿ ಬ್ಯಾಪ್ಟಿಸ್ಟ್ ಊರಿಗೆ ಸ್ಪ್ಯಾನಿಷ್ ಮಾತಾಡುವ ಸೊಸೆ. ಮದುವೆಯನ್ನು ಗುಟ್ಟಾಗಿಡಬೇಕು, ಅಭಿಮಾನಿಗಳು ದೂರ ಹೋಗ್ತಾರೆ ಅನ್ನೋದು ಪೆಟ್ಟಿಯ ನಿಲುವು. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಈ ಹುಡುಗಿ ಕೆಲಸ ಮಾಡುತ್ತಿದ್ದದ್ದೇ ಸಂಗೀತ ಪ್ರಕಾಶನ ಸಂಸ್ಥೆಯಲ್ಲಿ. ಹಾಡಿನ ಹಣ ಎಲ್ಲಿಂದ ಬರುತ್ತೆ, ಯಾರಿಗೆ ಹೋಗುತ್ತೆ ಅನ್ನೋ ವಿಷಯ ಅವಳಿಗೆ ಹೊಸದಲ್ಲ. ಎರಡು ವರ್ಷ ಹುಡುಗರು ಕೇಳದ ಪ್ರಶ್ನೆಯನ್ನು ಮನೆಗೆ ಬಂದ ಸೊಸೆ ಕೇಳಿದಳು: ದುಡ್ಡೆಲ್ಲಿ?

ದುಡ್ಡು ಪೆಟ್ಟಿಯ ಹಿಡಿತದ ಖಾತೆಯಲ್ಲಿತ್ತು. 1958ರ ಶರತ್ಕಾಲದಲ್ಲಿ ಹಾಲಿ ಪೆಟ್ಟಿಯಿಂದ ಬೇರೆಯಾಗಲು ನಿರ್ಧರಿಸಿದ. ಅಲಿಸನ್ ಮತ್ತು ಮಾಲ್ಡಿನ್ ಪೆಟ್ಟಿಯ ಜೊತೆಗೇ ಉಳಿದರು. ಕ್ರಿಕೆಟ್ಸ್ ಅನ್ನುವ ಹೆಸರೂ ಅವರ ಜೊತೆ ಉಳಿಯಿತು. ಯಾವ ಹೆಸರಿನ ಹಿಂದೆ ಅಡಗಿ ಅವನು ಗೆದ್ದನೋ ಆ ಹೆಸರೂ ಹೋಯಿತು. ಲೆಕ್ಕಾಚಾರ ತೀರುವ ತನಕ ಹಣ ಬಿಡಲು ಪೆಟ್ಟಿ ಒಪ್ಪಲಿಲ್ಲ.

ವಿಚಿತ್ರ ಅಂದ್ರೆ ಅವನ ಕೆಲಸದ ದೃಷ್ಟಿಯಿಂದ ಅತಿ ತೆರೆದ ತಿಂಗಳುಗಳೂ ಇವೇ. ಸೆಪ್ಟೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಕಿಂಗ್ ಕರ್ಟಿಸ್‌ನನ್ನು ಕ್ಲೋವಿಸ್‌ಗೆ ಕರೆಸಿ, ಲಬ್ಬಕ್‌ನ ರೇಡಿಯೋ ನಿರೂಪಕ ವೇಲನ್ ಜೆನ್ನಿಂಗ್ಸ್‌ನ ಮೊದಲ ರೆಕಾರ್ಡನ್ನು ತಾನೇ ನಿರ್ದೇಶಿಸಿದ. ಅಕ್ಟೋಬರ್ 21ರಂದು ನ್ಯೂಯಾರ್ಕಿನ ಪಿಥಿಯನ್ ಟೆಂಪಲ್‌ನಲ್ಲಿ ಡಿಕ್ ಜೇಕಬ್ಸ್ ತಂಡದ ಪಿಟೀಲುಗಳ ನಡುವೆ ನಿಂತು ‘ಟ್ರೂ ಲವ್ ವೇಸ್’, ‘ಇಟ್ ಡಸಂಟ್ ಮ್ಯಾಟರ್ ಎನಿಮೋರ್’ ಹಾಡಿದ. ಸ್ವಂತ ಪ್ರಕಾಶನ, ಸ್ವಂತ ಲೇಬಲ್, ಲಬ್ಬಕ್‌ನಲ್ಲೊಂದು ಸ್ವಂತ ಸ್ಟುಡಿಯೋ ಅಂತ ಯೋಜನೆ ಹಾಕುತ್ತಿದ್ದ. ಗ್ರೀನಿಚ್ ವಿಲೇಜ್‌ನ ಅಪಾರ್ಟ್‌ಮೆಂಟಿನಲ್ಲಿ ಆಂಪೆಕ್ಸ್ ಟೇಪ್ ರೆಕಾರ್ಡರ್ ಇಟ್ಟುಕೊಂಡು ಒಬ್ಬನೇ ಹೊಸ ಹಾಡುಗಳನ್ನು ಹಾಡಿಟ್ಟುಕೊಂಡ. ‘ಕ್ರೈಯಿಂಗ್, ವೇಟಿಂಗ್, ಹೋಪಿಂಗ್’, ‘ಲರ್ನಿಂಗ್ ದ ಗೇಮ್’ ಹೀಗೆ ಆರು. ಬ್ಯಾಂಡಿಲ್ಲ, ಮ್ಯಾನೇಜರಿಲ್ಲ, ಗಿಟಾರು ಮತ್ತು ದನಿ. ನನ್ನ ಕೇಳಿದರೆ ಅವನ ರೆಕಾರ್ಡಿಂಗುಗಳಲ್ಲಿ ಅತ್ಯಂತ ಆಪ್ತವಾದದ್ದು ಇವೇ.

ಹಾಡು ಇತ್ತು, ಬಾಡಿಗೆ ಕಟ್ಟುವುದಕ್ಕೆ ಕೈಯಲ್ಲಿ ಹಣ ಇರಲಿಲ್ಲ. ಮರಿಯಾ ಎಲೆನಾ ಗರ್ಭಿಣಿ. ಹೀಗಾಗಿ ಅವನು ವಿಂಟರ್ ಡಾನ್ಸ್ ಪಾರ್ಟಿ ಎಂಬ ಪ್ರವಾಸಕ್ಕೆ ಒಪ್ಪಿಕೊಂಡ. 24 ದಿನ, 24 ಊರು, ಅಮೆರಿಕದ ಉತ್ತರದ ಕೊರೆಯುವ ಚಳಿಗಾಲ. 1959ರ ಜನವರಿ 23ಕ್ಕೆ ಮಿಲ್ವಾಕಿಯಲ್ಲಿ ಶುರು. ಊರುಗಳ ಕ್ರಮವನ್ನು ಭೂಪಟ ನೋಡಿ ಮಾಡಿರಲಿಲ್ಲ. ಇವತ್ತು ಇಲ್ಲಿ, ನಾಳೆ ನೂರಾರು ಮೈಲಿ ಆಚೆ, ನಾಡಿದ್ದು ಮತ್ತೆ ಈಚೆ. ಬಸ್ಸುಗಳು ಕೆಡುತ್ತಿದ್ದವು, ಬಸ್ಸಿನ ಹೀಟರ್ ಕೆಡುತ್ತಿತ್ತು. ಡ್ರಮ್ಮರ್ ಕಾರ್ಲ್ ಬಂಚ್ ಕಾಲು ಹಿಮಕ್ಕೆ ಸೆಟೆದು ಆಸ್ಪತ್ರೆ ಸೇರಿದ. ಇದನ್ನೆಲ್ಲ ವಿಧಿಯಾಟ ಅಂತ ಬರೆಯುವ ಅಭ್ಯಾಸ ಬೆಳೆದಿದೆ. ಇದು ಕೆಲಸದ ಜಾಗದ ಸುರಕ್ಷತೆಯ ವಿಷಯ.

ಫೆಬ್ರುವರಿ 2ರ ರಾತ್ರಿ ಅಯೋವದ ಕ್ಲಿಯರ್ ಲೇಕ್‌ನ ಸರ್ಫ್ ಬಾಲ್‌ರೂಮ್‌ನಲ್ಲಿ ಕಾರ್ಯಕ್ರಮ. ಮುಂದಿನ ಊರಿಗೆ ಬಸ್ಸಿನಲ್ಲಿ ಹೋಗುವ ಬದಲು ವಿಮಾನದಲ್ಲಿ ಮುಂಚೆ ಹೋಗಿ, ಬಟ್ಟೆ ಒಗೆಸಿಕೊಂಡು, ಒಂದಿಷ್ಟು ನಿದ್ದೆ ಮಾಡೋಣ ಅಂತ ಹಾಲಿ ಸಣ್ಣ ಬೀಚ್‌ಕ್ರಾಫ್ಟ್ ವಿಮಾನ ಗೊತ್ತುಮಾಡಿದ. ತಲೆಗೆ 36 ಡಾಲರ್. ಜ್ವರದಿಂದ ನರಳುತ್ತಿದ್ದ ಹಾಡುಗಾರ ಬಿಗ್ ಬಾಪರ್‌ಗೆ ಜೆನ್ನಿಂಗ್ಸ್ ತನ್ನ ಸೀಟು ಬಿಟ್ಟುಕೊಟ್ಟ. ಗಿಟಾರ್ ವಾದಕ ಟಾಮಿ ಆಲ್ಸಪ್ ನಾಣ್ಯ ಚಿಮ್ಮಿ ಸೋತು, ಸೀಟು 17 ವರ್ಷದ ರಿಚಿ ವ್ಯಾಲೆನ್ಸ್‌ಗೆ ಹೋಯಿತು. ಪೈಲಟ್‌ಗೆ 21 ವರ್ಷ. ಕಣ್ಣಿಗೆ ದಾರಿ ಕಾಣದಾಗ ಕೇವಲ ಉಪಕರಣ ನೋಡಿ ಹಾರಿಸುವ ಅರ್ಹತೆ ಇರಲಿಲ್ಲ. ಹವಾಮಾನದ ಎಚ್ಚರಿಕೆಯೂ ಸರಿಯಾಗಿ ಮುಟ್ಟಿರಲಿಲ್ಲ ಅಂತ ಸರ್ಕಾರದ ತನಿಖೆ ಆಮೇಲೆ ಹೇಳಿತು. ಫೆಬ್ರುವರಿ 3ರ ಮಧ್ಯರಾತ್ರಿ ದಾಟಿ ಒಂದು ಗಂಟೆ ಸುಮಾರಿಗೆ ವಿಮಾನ ಮೇಲೇರಿತು, ಕೆಲವೇ ನಿಮಿಷದಲ್ಲಿ ಹಿಮ ಮುಚ್ಚಿದ ಹೊಲದಲ್ಲಿ ಬಿತ್ತು. ನಾಲ್ವರೂ ಸತ್ತರು. ಹಾಲಿಗೆ 22 ವರ್ಷ. ಮರಿಯಾ ಎಲೆನಾಗೆ ಸುದ್ದಿ ಗೊತ್ತಾದದ್ದು ಟಿವಿಯಿಂದ. ಆ ಆಘಾತದಲ್ಲಿ ಗರ್ಭ ಹೋಯಿತು. ಪ್ರವಾಸ ಮಾತ್ರ ನಿಲ್ಲಲಿಲ್ಲ. ಅದೇ ರಾತ್ರಿ ಮೂರ್‌ಹೆಡ್ ಊರಿನಲ್ಲಿ ಕಾರ್ಯಕ್ರಮ ನಡೆಯಿತು, ಖಾಲಿ ಜಾಗ ತುಂಬಲು 15 ವರ್ಷದ ಬಾಬಿ ವೀ ಎಂಬ ಸ್ಥಳೀಯ ಹುಡುಗನನ್ನು ನಿಲ್ಲಿಸಿದರು.

ಆ ಅಪಾರ್ಟ್‌ಮೆಂಟ್ ಟೇಪುಗಳ ಕಥೆ ಏನಾಯ್ತು? ಗಿಟಾರು, ದನಿ ಅಷ್ಟೇ ಇದ್ದರೆ ಮಾರಾಟವಾಗಲ್ಲ ಅಂತ ಕಂಪನಿ ಅದರ ಮೇಲೆ ಬೇರೆಯವರಿಂದ ವಾದ್ಯ, ಕೋರಸ್ ಹಾಕಿಸಿತು. 1960ರ ದಶಕದಲ್ಲಿ ಅದೇ ಟೇಪುಗಳು ಮತ್ತೆ ಕ್ಲೋವಿಸ್‌ಗೆ ಹೋದವು. ಫೈರ್‌ಬಾಲ್ಸ್ ಎಂಬ ಬ್ಯಾಂಡನ್ನು ಇಟ್ಟುಕೊಂಡು ಅದರ ಮೇಲೆ ಇನ್ನೊಂದು ಪದರ ಹಾಕಿದ್ದು ನಾರ್ಮನ್ ಪೆಟ್ಟಿ! ಯಾರಿಂದ ತಪ್ಪಿಸಿಕೊಂಡು ಅವನು ಒಬ್ಬನೇ ಕೂತು ಹಾಡಿದ್ದನೋ ಆತನ ಕೈಗೇ. ದಶಕಗಳ ಕಾಲ ಜನ ಕೇಳಿದ್ದು ಆ ಮೇಲ್ಹೊದಿಕೆಯ ಹಾಡುಗಳನ್ನು.

1970ರ ದಶಕದಲ್ಲಿ ಹಾಲಿಯ ಹಾಡುಗಳ ಪ್ರಕಾಶನ ಹಕ್ಕು ಪಾಲ್ ಮೆಕಾರ್ಟ್ನಿಯ ಕಂಪನಿಯ ಪಾಲಾಯಿತು. ತಮ್ಮದೇ ಬೀಟಲ್ಸ್ ಹಾಡುಗಳ ಹಕ್ಕು 1969ರಲ್ಲಿ ಲೆನನ್, ಮೆಕಾರ್ಟ್ನಿ ಇಬ್ಬರ ಕೈತಪ್ಪಿ ಎಟಿವಿ ಎಂಬ ಕಂಪನಿಗೆ ಹೋಗಿತ್ತು. ಸ್ವಂತ ಹಾಡು ಕಳಕೊಂಡವನು ಬಾಲ್ಯದ ಹೀರೋನ ಹಾಡು ಕೊಂಡ. ಇದರಲ್ಲಿ ಪ್ರೀತಿ ಎಷ್ಟು, ವ್ಯಾಪಾರ ಎಷ್ಟು ಅಂತ ಬಿಡಿಸುವುದು ಕಷ್ಟ, ಬಹುಶಃ ಎರಡೂ.

1978ರಲ್ಲಿ ‘ದ ಬಡ್ಡಿ ಹಾಲಿ ಸ್ಟೋರಿ’ ಎಂಬ ಹಾಲಿವುಡ್ ಸಿನಿಮಾ ಬಂತು. ಗ್ಯಾರಿ ಬ್ಯೂಸಿ ಹಾಲಿಯ ಪಾತ್ರ ಮಾಡಿದ, ಹಾಡುಗಳನ್ನೂ ತಾನೇ ಹಾಡಿದ. ಅದರಲ್ಲಿ ಕ್ರಿಕೆಟ್ಸ್ ಇದ್ದಾರೆ, ಆದರೆ ಅಲಿಸನ್, ಮಾಲ್ಡಿನ್ ಎಂಬ ಹೆಸರುಗಳಿಲ್ಲ, ಬೇರೆ ಹೆಸರಿಟ್ಟರು. ನಾರ್ಮನ್ ಪೆಟ್ಟಿಯ ಪಾತ್ರವಂತೂ ಇಡೀ ಸಿನಿಮಾದಲ್ಲೇ ಇಲ್ಲ.